ಕೆಂಪು ಕಾರಿನ ಹಿಂದಿನ ಸೀಟು

"ಹಲೋ… ಯಾರು ಮಾತಾಡಾದು?… ಯಾವ ಅಕ್ಕಯ್ಯಮ್ಮ?"

ಯಾವ ಅಕ್ಕಯ್ಯಮ್ಮ ಎಂದು ಕುಪ್ಪುಸ್ವಾಮಿಗೆ ಚೆನ್ನಾಗಿಯೇ ಗೊತ್ತಿತ್ತು. ಫೋನಿನಲ್ಲಿ ಹೆಸರು ಬಂದಿತ್ತು, ಹೆಸರಿನ ಜೊತೆಗೆ ಅವಳ ಸೀಮೆಹಸುವಿನ ಫೋಟೋವೂ ಬಂದಿತ್ತು. ಬೂದಿಕೋಟೆ ಪಕ್ಕದ ಹಳ್ಳಿಯಲ್ಲಿ ಹಾಲು ಮಾರಿ ಮನೆ ಕಟ್ಟಿದ ಮುದುಕಿ ಅವಳು. ಆಸ್ಪತ್ರೆಗೋ ಮದುವೆಗೋ ಮಸಣಕ್ಕೋ, ಆ ಮನೆಯವರು ಎಲ್ಲಿಗೆ ಹೊರಟರೂ ಬಾಡಿಗೆ ಕಾರು ಇವನದೇ. ಮುಂದಿನ ವಾರ ಅವಳ ಮೊಮ್ಮಗಳು ನವ್ಯಳ ಮದುವೆ. ಮದುಮಗಳನ್ನು ಬಂಗಾರಪೇಟೆಯ ಛತ್ರಕ್ಕೆ ಕರೆದೊಯ್ಯುವವನು ತಾನೇ ಎಂದು ಕುಪ್ಪುಸ್ವಾಮಿ ಹೊಸ ಶರ್ಟು ಹೊಲಿಸಿಕೊಂಡು ಕೂತಿದ್ದ. ಇವತ್ತು ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿಗೆ ಸೀನಪ್ಪ ಒಂದು ಸುದ್ದಿ ತಂದ. ಅಕ್ಕಯ್ಯಮ್ಮನ ಮನೆ ಮುಂದೆ ಹೊಸ ಕೆಂಪು ಕಾರು ನಿಂತಿದೆಯಂತೆ, ನಿನ್ನೆ ಅದರಿಂದ ರಾಜ್‌ಕುಮಾರ್ ಇಳಿದನಂತೆ. ರಾಜ್‌ಕುಮಾರನೂ ಇದೇ ಸ್ಟ್ಯಾಂಡಿನ ಡ್ರೈವರ್, ಕುಪ್ಪುಸ್ವಾಮಿಯ ಬಾಡಿಗೆಗಳ ಮೇಲೆ ಸದಾ ಕಣ್ಣಿಟ್ಟವನು. ಇಷ್ಟು ಸಾಕಾಯಿತು. ರಾಜ್‌ಕುಮಾರ್ ಹೊಸ ಕಾರು ತೆಗೆದುಕೊಂಡಿದ್ದಾನೆ, ಮದುವೆ ಬಾಡಿಗೆಯನ್ನೂ ಹೊಡೆದುಕೊಂಡಿದ್ದಾನೆ ಎಂದು ಇವನು ತೀರ್ಮಾನಿಸಿಬಿಟ್ಟ.

"ಓ, ನೀವಾ! ಗೊತ್ತಾಗ್ಲಿಲ್ಲ ಬಿಡ್ರಮ್ಮ. ದೊಡ್ಡೋರು. ಏಳಿ, ಏನಾಗ್ಬೇಕಿತ್ತು?… ಹಾಂ?… ಕೋಪಾನಾ? ಕೋಪ ಮಾಡ್ಕಣಕ್ಕೆ ನಾನೇನು ನಿಮ್ಮನೆ ಅಳಿಯನಾ?"

ಸಿಟ್ಟು ಬಂದರೆ ಕುಪ್ಪುಸ್ವಾಮಿ ಬೈಯುವವನಲ್ಲ, ಮರ್ಯಾದೆ ಕೊಡಲು ಶುರು ಮಾಡುತ್ತಾನೆ. ಅದು ಬೈಗುಳಕ್ಕಿಂತ ಕೆಟ್ಟದ್ದು.

"… ಇಲ್ಲ, ಊಟ ಆಗಿಲ್ಲ. ಬಾಡಿಗೆ ಇದ್ರೆ ತಾನೇ ಊಟ."

"… ಮದುವೆ ವಿಷ್ಯನಾ? ಗೊತ್ತು ಬಿಡಿ. ನಿಮ್ಮನೆ ಮುಂದೆ ಕೆಂಪಗೆ ನಿಂತೈತಲ್ಲ, ಅದೂ ಗೊತ್ತು… ನೋಡಿದ್ನಾ? ನಾನ್ಯಾಕೆ ಅಲ್ಲಿಗೆ ಬಂದು ನೋಡ್ಲಿ? ಸೀನಪ್ಪ ಕಾರಿನ ಹೆಸ್ರು ಏಳ್ದ, ಯೂಟ್ಯೂಬಲ್ಲಿ ನೋಡ್ದೆ. ಆ ಕಾರು, ಅದಕ್ಕೆ ಎದುರಾಳಿ ಕಾರು, ಎಲ್ಲಾ ಪಕ್ಕಪಕ್ಕ ನಿಲ್ಸಿ ಒಬ್ಬ ಕನ್ನಡಕದೋನು ಏಳ್ತಿದ್ದ. ಬೆಳಗ್ಗಿಂದ ಅದೇ ಕೆಲ್ಸ ನಂಗೆ."

"… ತಡೀರಿ, ನಾನು ಏಳಿ ಮುಗಿಸ್ತೀನಿ. ಆಮೇಲೆ ನೀವು ಏಳಿ. ಮೊದಲ್ನೇದು, ಅದು ಪೂರ್ತಿ ಕಾರೇ ಅಲ್ಲ. ನಾಕು ಮೀಟ್ರು ದಾಟಿದ್ರೆ ಟ್ಯಾಕ್ಸು ಜಾಸ್ತಿ ಅಂತ ಇಂದ್ಗಡೆ ಮೊಟಕು ಮಾಡ್ಬಿಟ್ಟವ್ರೆ. ಮುಂದಿಂದ ನೋಡಿದ್ರೆ ಮಂತ್ರಿ ಕಾರು, ಇಂದಿಂದ ನೋಡಿದ್ರೆ ಬಾಲ ಕುಯ್ದ ನಾಯಿ… ಹಾಂ? ನಂದಾ? ನಂದೂ ಅದೇ ಅಳತೆ. ಆದ್ರೆ ನನ್ ಕಾರಿಗೆ ಅಭ್ಯಾಸ ಆಗೈತೆ."

ಸೀನಪ್ಪ ತನ್ನ ಬಿಳಿ ಕಾರಿನ ಬಾನೆಟ್ಟಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ. ಕಿವಿ ಮಾತ್ರ ಈ ಕಡೆಗಿತ್ತು.

"… ಸೀನಪ್ಪನ ಕಾರಾ? ಅದನ್ನ ಯಾರು ಕಾರು ಅಂದ್ರು? ಡಿಕ್ಕಿ ತೆಗೆದ್ರೆ ಒಳಗೆ ಗ್ಯಾಸ್ ಸಿಲಿಂಡ್ರು ತುಂಬು ಬಸುರಿ ಥರ ಮಲಗೈತೆ. ಒಂದು ಕೈಚೀಲ ಇಡ್ಬೇಕಂದ್ರೂ ಅದನ್ನ ಕೇಳ್ಕಂಡು ಇಡ್ಬೇಕು… ಲೇ ಸೀನಾ, ಸುಮ್ನೆ ಕಡ್ಲೆಕಾಯಿ ತಿನ್ಲಾ, ನಿನ್ನ ಬೈತಿಲ್ಲ, ನಿನ್ ಕಾರನ್ನ ಬೈತಿವ್ನಿ!"

"… ಹಾಂ, ಇದೀನಿ. ಮೂರೂ ಕಾರು ಪಕ್ಕಪಕ್ಕ ನಿಲ್ಸಿ ಏಳ್ತೀನಿ ಕೇಳಿ. ಆ ಕೆಂಪುದಕ್ಕೆ ಇಂಜಿನ್ನಲ್ಲಿ ಮೂರೇ ಸಿಲಿಂಡ್ರಂತೆ. ಮೂರು ಮೊಲೇಲಿ ಆಲು ಕೊಡೋ ಅಸುನ ನೀವು ಕೊಂಡ್ಕತೀರಾ? ಕೊಳ್ಳಲ್ಲ ಅಲ್ವಾ?… ಮೈಲೇಜಾ? ಮೈಲೇಜ್ ಬತ್ತದೆ. ಅದು ಬತ್ತದೆ, ಇಲ್ಲ ಅನ್ನಲ್ಲ. ನಂದಕ್ಕಿಂತ ಜಾಸ್ತೀನೇ ಬತ್ತದೆ. ಆದ್ರೆ ಮದುವೆ ದಿಬ್ಬಣದಲ್ಲಿ ಮೈಲೇಜ್ ಕಟ್ಕಂಡು ಏನ್ಮಾಡ್ತೀರಿ?"

"… ಮೇಲ್ಗಡೆ ಕಿಟಕಿನಾ? ನೋಡ್ದೆ. ಗುಂಡಿ ಒತ್ತಿದ್ರೆ ತಲೆ ಮೇಲೆ ಆಕಾಶ ತೆಗೀತದಂತೆ. ನಮ್ಮ ಚಿನ್ನದ ಗಣಿ ಚಾಂಪಿಯನ್ ರೀಫ್ಸ್ ಕಡೆ ಬಂದು ತೆಗೀಲಿ. ಗಾಳಿಕಾಲದಲ್ಲಿ ಗಣಿ ಮಣ್ಣು ಸುರಿದ ಸೈನೈಡ್ ದಿಬ್ಬದ ಧೂಳು ಬಂದು ತಲೆ ಮೇಲೆ ಕುಂತ್ಕತದೆ. ಮದುಮಗಳು ಒಳಗೆ ಕುಂತಾಗ ಕೆಂಪಗಿದ್ದು, ಇಳ್ದಾಗ ಇಟ್ಟಿನ ಗಿರಣಿಯಿಂದ ಬಂದಂಗೆ ಇರ್ತಾಳೆ."

"… ಐದು ಸ್ಟಾರಾ? ಗುದ್ದಿ ನೋಡಿ ಸ್ಟಾರ್ ಕೊಡ್ತಾರಂತೆ ಕಣ್ರಮ್ಮ. ನಾನು ಗುದ್ದದೇ ಇಲ್ಲ, ನಂಗ್ಯಾಕೆ ಸ್ಟಾರು? ನನ್ ಕಾರಲ್ಲಿ ಮುರುಗನ ಫೋಟೋ ಐತೆ… ಆರು ಗಾಳಿಚೀಲನಾ? ಇರ್ಲಿ. ಅದ್ರಲ್ಲಿ ಬೆಲ್ಟ್ ಆಕ್ದಿದ್ರೆ ಕೀ ಕೀ ಅಂತ ಬೈತದಂತೆ. ಬೈಯಕ್ಕೆ ನಿಮ್ಮನೇಲಿ ನೀವಿದೀರಲ್ಲ, ಅದಕ್ಕೊಂದು ಕಾರು ಬೇಕಾ?"

ಆ ಕಡೆಯಿಂದ ಅಕ್ಕಯ್ಯಮ್ಮ ಏನೋ ಹೇಳಲು ಬಾಯಿ ತೆಗೆಯುತ್ತಲೇ ಇದ್ದಳು. ಕುಪ್ಪುಸ್ವಾಮಿ ದಾರಿ ಬಿಡಲಿಲ್ಲ. ಎದುರಿನಿಂದ ಹಾರನ್ ಕೇಳಿದರೆ ವೇಗ ಜಾಸ್ತಿ ಮಾಡುವುದು ಅವನ ಹಳೆಯ ಚಾಳಿ.

"… ನನ್ ಕಾರಲ್ಲಿ ಏನೈತೆ ಅಂತೀರಾ? ಎಸಿ ಐತೆ. ನಾಕೂ ಕಿಟಕಿ ಇಳಿಸ್ಬೇಕು, ಅಷ್ಟೇ… ಎಡಗಡೆ ಬಾಗ್ಲಾ? ಹೂಂ, ಒಳಗಿಂದ ತೆಗಿಯಕ್ಕಾಗಲ್ಲ. ನಾನು ಇಳಿದು, ಸುತ್ಕಂಡು ಬಂದು, ತೆಗೀತೀನಿ. ದೊಡ್ಡ ದೊಡ್ಡ ಓಟ್ಲಲ್ಲಿ ಅದನ್ನೇ ಮರ್ಯಾದೆ ಅಂತಾರೆ. ನಿಮಗೆ ರಿಪೇರಿ ಅಂತ ಕಾಣ್ತದೆ."

"… ಇಂದಿನ ಸೀಟು ನೋಡಿದ್ರಾ? ನಡುಮಧ್ಯ ಒಂದು ದಿಂಬು, ಕೈ ಇಡಕ್ಕಂತೆ. ಅದ್ರಲ್ಲಿ ಕಾಫಿ ಲೋಟ ನಿಲ್ಸಕ್ಕೆ ಎರಡು ತೂತು. ಕೈಗೆ ಜಾಗ ಮಾಡವ್ರೆ, ಲೋಟಕ್ಕೆ ಜಾಗ ಮಾಡವ್ರೆ. ನಾನೊಂದು ಕೇಳ್ತೀನಿ, ಆ ಸೀಟಲ್ಲಿ ಒಂದು ಎರಿಗೆ ಆಯ್ತದಾ?… ನಗಬ್ಯಾಡ ಅಕ್ಕಾ. ಏಳು. ಆಯ್ತದಾ?"

ಮರ್ಯಾದೆ ಜಾರಿ 'ಅಕ್ಕಾ' ಬಂದುಬಿಟ್ಟಿತ್ತು. ಯಾಕೆಂದರೆ ಇದು ಅವನಿಗೆ ತಮಾಷೆಯ ಮಾತಲ್ಲ. ಮೀಸೆ ಆಗತಾನೇ ಬಲಿಯುತ್ತಿದ್ದ ಕಾಲದಲ್ಲಿ, ತನ್ನ ಹಳೇ ಅಂಬಾಸಿಡರಿನಲ್ಲಿ, ಅಕ್ಕಯ್ಯಮ್ಮನ ಒಬ್ಬಳೇ ಮಗಳು ಸುಮಲತಳನ್ನು ಹೆರಿಗೆಗೆಂದು ಬಂಗಾರಪೇಟೆ ಆಸ್ಪತ್ರೆಗೆ ಕರೆತರುತ್ತಿದ್ದ. ಊರ ಹೊರಗೆ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು ಗಾಡಿ ಮುಗಿಯುವಂತೆಯೇ ಕಾಣಲಿಲ್ಲ. ಮಗು ಗೇಟಿಗೆ ಕಾಯಲಿಲ್ಲ. ಅಕ್ಕಯ್ಯಮ್ಮ ಹಿಂದಿನ ಸೀಟಿನಲ್ಲಿ ಮಗಳನ್ನು ನೋಡಿಕೊಳ್ಳುತ್ತಾ, ಕೂಸನ್ನು ಮುಂದಕ್ಕೆ ಚಾಚಿ "ಹಿಡ್ಕಳೋ" ಎಂದಳು. ಇವನು ಹೊಸ ಟವೆಲ್ಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡ. ಗೇಟು ಎದ್ದ ಮೇಲೂ ಕಾರು ಹೊರಡಿಸಲು ಅವನಿಗೆ ಮನಸ್ಸಾಗಲಿಲ್ಲ. ಆ ಕೂಸೇ ನವ್ಯ. ಈಗ ದನದ ಡಾಕ್ಟರು.

"… ಹೂಂ. ಆ ಟವೆಲ್ಲು ಇನ್ನೂ ವಾಪಸ್ ಕೊಟ್ಟಿಲ್ಲ ನೀನು… ಇಲ್ಲ, ನಾನು ಅಳ್ತಾ ಇಲ್ಲ. ಸ್ಟ್ಯಾಂಡಲ್ಲಿ ಯಾರಾದ್ರೂ ಅಳ್ತಾರಾ? ಸೀನಪ್ಪ ಕಡ್ಲೆಕಾಯಿ ಊದ್ತಾವ್ನೆ, ಸಿಪ್ಪೆ ಕಣ್ಣಿಗೆ ಬಿತ್ತು. ನೋಡಕ್ಕಾ, ಆ ಪಾಪೂನ ಮೊದ್ಲು ಊರಿಗೆ ಕರ್ಕಂಬಂದೋನು ನಾನು. ಗಣಿ ಮುಚ್ಚಿದ ಕೋರಮಂಡಲ್ ಕಡೆ ಖಾಲಿ ರೋಡಲ್ಲಿ ಅದಕ್ಕೆ ಕಾರು ಕಲಿಸ್ದೋನು ನಾನು. ಮದುವೆ ದಿನ ಮಾತ್ರ ಆ ರಾಜ್‌ಕುಮಾರ್ ಬಂದು ಬಾಗ್ಲು ತೆಗೀತಾನಾ? ಒಸ ಕಾರು ತಗಂಡ ಅಂತ? ಕೆಂಪಗೈತೆ ಅಂತ?"

"… ಏನು?… ರಾಜ್‌ಕುಮಾರಂದಲ್ವಾ?… ಮತ್ಯಾರ್ದು?"

"… ಇನ್ನೊಂದ್ಸಲ ಏಳು."

"… ಯಾರು, ನಮ್ ನವ್ಯಂದಾ?… ಅವಳೇ ಕೊಂಡ್ಕಂಡ್ಳಾ?… ಅವಳ ಸಂಬಳದಲ್ಲಿ?… ಐಯೋ ಮುರುಗಾ."

ಸೀನಪ್ಪ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದ. ಕುಪ್ಪುಸ್ವಾಮಿ ಅವನನ್ನು ನುಂಗುವಂತೆ ನೋಡಿದ. ಅರ್ಧ ಸುದ್ದಿ ತಂದವನೂ ಅವನೇ, ಈಗ ಹಲ್ಲು ಕಿರಿಯುತ್ತಿರುವವನೂ ಅವನೇ.

"… ಮತ್ತೆ ರಾಜ್‌ಕುಮಾರ್ ಯಾಕೆ ಇಳ್ದಿದ್ದು ಅದ್ರಿಂದ?… ಓ… ಶೋರೂಮಿಂದ ತಂದ್ಕೊಡಕ್ಕಾ? ಅವಳಿಗೆ ನಿನ್ನೆ ಡ್ಯೂಟಿನಾ? ನನ್ನ ಕರೀಬೇಕು ತಾನೇ?… ಹಾಂ, ಹೌದು, ನಾನು ತಿರುಪತಿ ಬಾಡಿಗೇಲಿದ್ದೆ. ಅದು ನಿಜ. ಗೋವಿಂದ ಗೋವಿಂದ."

"… ಏನಂದೆ? ಫೋನು ಇಷ್ಟೊತ್ತೂ ಲೌಡ್‌ಸ್ಪೀಕರಲ್ಲಿತ್ತಾ?… ಪಕ್ಕದಲ್ಲಿ ಯಾರವ್ರೆ?… ಅವ್ಳಾ?"

ಕುಪ್ಪುಸ್ವಾಮಿ ಎದ್ದು ನಿಂತ. ಮತ್ತೆ ಕೂತ. ಬಾಲ ಕುಯ್ದ ನಾಯಿಯಿಂದ ಹಿಡಿದು ಮೂರು ಮೊಲೆಯ ಹಸುವಿನ ತನಕ ತಾನು ಆಡಿದ್ದೆಲ್ಲ ಒಂದೊಂದಾಗಿ ನೆನಪಾಗಿ ಅವನ ಕಿವಿ ಬಿಸಿಯಾಯಿತು.

"ಪಾಪಾ… ನವ್ಯ ಪಾಪಾ… ನಗ್ತಿದೀಯಾ ಬೈತಿದೀಯಾ, ಏಳಮ್ಮ… ಅಲ್ಲ ಕಂದ, ಆ ಕನ್ನಡಕದೋನು ಅಂದಿದ್ದು. ನಾನ್ಯಾಕೆ ಅನ್ಲಿ? ಮೂರು ಸಿಲಿಂಡ್ರು ಬೇಕಾದಷ್ಟಾಯ್ತು. ಜಾಸ್ತಿ ಸಿಲಿಂಡ್ರು ಇಟ್ಕಂಡು ಏನು, ಚಿನ್ನದ ಗಣಿಗೆ ಇಳೀತೀಯಾ?… ಡಿಕ್ಕಿನಾ? ದೊಡ್ದೈತಾ?… ಏನ್ ನಿಲ್ಸಿ ನೋಡ್ದೆ?"

"… ಅಸುಗಳಿಗೆ ಕೊಡೋ ಓರಿ ವೀರ್ಯದ ಕ್ಯಾನಾ! ಅದನ್ನ ಎತ್ಕಂಡು ಶೋರೂಮಿಗೆ ಓದ್ಯಾ?… ಎಲ್ಲಾ ಕಾರಿನ ಡಿಕ್ಕೀಲೂ ಇಟ್ಟು ನೋಡಿದ್ಯಾ?… ಇದ್ರಲ್ಲಿ ಮಾತ್ರ ಅಲ್ಲಾಡ್ದೆ ನೆಟ್ಟಗೆ ನಿಂತ್ಕತಾ? ಅಂಗಾರೆ ಇದೇ ಸರಿ ಕಣಮ್ಮ. ಆ ಯೂಟ್ಯೂಬ್ ನನ್ಮಗಂಗೆ ಇದು ಗೊತ್ತಾ? ಮುಂದೆ ನೀನು, ಡಿಕ್ಕೀಲಿ ನೂರು ಓರಿ. ಮದುವೆ ದಿನ ಮಾತ್ರ ಅದನ್ನ ಇಳಿಸಿಬಿಡು ತಾಯಿ. ಗಂಡಿನ ಕಡೆಯೋರು ತಪ್ಪು ತಿಳ್ಕಂಡಾರು."

"… ಹಾಂ ಅಕ್ಕಾ, ಏಳು. ಮತ್ತೆ ಛತ್ರಕ್ಕೆ ಆ ಕಾರಲ್ಲೇ ತಾನೇ?… ಓಡ್ಸೋದು ನಾನೇ ಅಲ್ವಾ?"

"… ಅಲ್ವಾ?"

"… ರಾಜ್‌ಕುಮಾರಾ?"

ಇದು ಮಾತ್ರ ಅವನಿಗೆ ಒದ್ದಂತಾಯಿತು. ಕಾರು ಯಾರದಾದರೂ ಇರಲಿ, ಸ್ಟೇರಿಂಗ್ ತನ್ನದು ಎಂದು ಈಗಷ್ಟೇ ಜೀವ ಬಂದಿತ್ತು. ಎದುರಿಗೆ ನಿಂತಿದ್ದ ತನ್ನ ಬೂದಿ ಬಣ್ಣದ ಕಾರನ್ನು, ಅದರ ಒಳಗಿನಿಂದ ತೆಗೆಯಲಾಗದ ಎಡಬಾಗಿಲನ್ನು ನೋಡಿದ. ತುಂಬಾ ನೋವಾಯಿತು.

"… ಇರ್ಲಿ ಬಿಡಿ. ನಿಮ್ಮಿಷ್ಟ. ನಾನು ಬಸ್ಸಲ್ಲಿ ಬಂದು ಪಾಯಸ ತಿಂದ್ಕಂಡು ಓಗ್ತೀನಿ."

"… ಏನು?… ಯಾಕೆ ಓಡಿಸಬಾರ್ದು?… ಯಾರು ಕೂತ್ಕಬೇಕು? ಇಂದ್ಗಡೆ? ನಾನಾ?… ಸ್ವಲ್ಪ ಜೋರಾಗಿ ಏಳಕ್ಕಾ, ರೈಲು ಬತ್ತಾ ಐತೆ… ಸೋದರಮಾವನಾ? ಯಾರ ಸೋದರಮಾವ?"

ರೈಲು ಬರುತ್ತಿರಲಿಲ್ಲ. ಸದ್ದು ಅವನ ಎದೆಯದು. ಅಕ್ಕಯ್ಯಮ್ಮನಿಗೆ ಗಂಡುಮಕ್ಕಳಿಲ್ಲ, ಸುಮಲತಳಿಗೆ ಅಣ್ಣತಮ್ಮಂದಿರಿಲ್ಲ. ನವ್ಯಳನ್ನು ಕೈಹಿಡಿದು ಮಂಟಪಕ್ಕೆ ಕರೆತರಲು ಸೋದರಮಾವನೇ ಬೇಕು, ಅವನಿಲ್ಲದೆ ಆ ಶಾಸ್ತ್ರ ನಡೆಯದು. ಆ ಜಾಗ ಖಾಲಿಯಿದೆ ಎಂದು ಕುಪ್ಪುಸ್ವಾಮಿಗೂ ಗೊತ್ತಿತ್ತು. ಯಾರೋ ದೂರದ ನೆಂಟನನ್ನು ನಿಲ್ಲಿಸುತ್ತಾರೆ ಎಂದುಕೊಂಡಿದ್ದ.

"… ಅಕ್ಕಾ, ತಮಾಷೆ ಮಾಡಬ್ಯಾಡ. ನಾನು ಗಣಿ ಲೈನ್ ಮನೆಯೋನು. ನಮ್ಮಪ್ಪ ಗಣಿ ಕೂಲಿ. ನಿಮ್ ಜನ ಬ್ಯಾರೆ, ನಮ್ ಜನ ಬ್ಯಾರೆ. ನಿಮ್ಮ ನೆಂಟ್ರೆಲ್ಲ ಏನಂತಾರೆ?… ಕೇಳಿದ್ರಾ?… ಅದಕ್ಕೆ ಪಾಪು ಏನಂದ್ಳು?"

"… 'ಉಟ್ಟಿದಾಗ ಮೊದ್ಲು ಇಡ್ಕಂಡೋನು ಈಗ ಕೈ ಇಡಿದ್ರೆ ಮೈಲಿಗೆ ಆಗ್ತದಾ' ಅಂದ್ಳಾ? ಎಲ್ರ ಮುಂದೆನಾ?"

ಅವನು ಫೋನು ಕೆಳಗಿಳಿಸಿ ಶರ್ಟಿನ ತೋಳಿನಿಂದ ಮುಖ ಒರೆಸಿಕೊಂಡ. ಸೀನಪ್ಪ ಬಂದು ಪಕ್ಕದಲ್ಲಿ ನಿಂತು, ಏನು ಎಂದು ತಿಳಿಯದೆ, ಒಂದು ಹಿಡಿ ಕಡಲೆಕಾಯಿ ಅವನ ಅಂಗೈಗೆ ಸುರಿದ.

"… ಇದೀನಿ. ಲೈನಲ್ಲೇ ಇದೀನಿ… ಹೂಂ, ಈ ಸಲ ಸಿಪ್ಪೆ ಅಲ್ಲ, ಅಳ್ತಾನೇ ಇದೀನಿ. ಏನಿವಾಗ?… ಪಂಚೆ ಶಲ್ಯನಾ? ಜರಿ ಅಂಚಿಂದಾ? ಇಷ್ಟು ವರ್ಷ ಆದ್ಮೇಲೆ ಟವೆಲ್ಲಿಗೆ ಬಡ್ಡಿ ಸೇರಿಸಿ ಕೊಡ್ತಿದೀಯ ಅನ್ನು. ಆದ್ರೆ ಒಂದು ತೊಂದ್ರೆ ಐತೆ. ಸುಮಲತಂಗೆ ನಾನು ಅಣ್ಣ ಆದ್ರೆ ನೀನು ನಂಗೆ ಅಕ್ಕ ಎಂಗಾಗ್ತೀಯ? ಇನ್ಮೇಲೆ ಅವ್ವಾ ಅನ್ಬೇಕಾಯ್ತದೆ… ಅನ್ಲಾ?… ಆಯ್ತು ಅವ್ವಾ."

"… ಇಲ್ಲ ಅವ್ವಾ, ರಾಜ್‌ಕುಮಾರೇ ಓಡಿಸ್ಲಿ. ಸೋದರಮಾವ ಸ್ಟೇರಿಂಗ್ ಇಡ್ಕಂಡ್ರೆ ಚೆನ್ನಾಗಿರಲ್ಲ. ನಾನು ಇಂದೆ ಕುಂತ್ಕಂಡು ದಾರಿ ಏಳ್ತೀನಿ. ಸೀಟು ಅಗಲವಾಗೈತೆ ಅಂತ ಕೇಳಿದೀನಿ. ಮಧ್ಯ ಆ ದಿಂಬು ಐತಲ್ಲ, ಪಾಪು ಕೈ ಇಡಕ್ಕೆ ಅನುಕೂಲ… ಯಾರು ಬೈದಿದ್ದು? ನಾನಾ? ಯಾವಾಗ?"

"… ಬತ್ತೀನಿ ಅವ್ವಾ, ಮದುವೆ ಇಂದಿನ ದಿನವೇ ಬತ್ತೀನಿ. ಒಂದೇ ಒಂದು ಮಾತು. ರಾಜ್‌ಕುಮಾರ್‌ಗೆ ನೀನೇ ಏಳ್ಬೇಕು, ನಾನು ಏಳಿದ್ರೆ ಕೇಳಲ್ಲ. ಊರ ಒರಗೆ ರೈಲ್ವೆ ಗೇಟ್ ಅತ್ರ ಕಾರು ಒಂದು ಗಳಿಗೆ ನಿಲ್ಸಬೇಕು… ಗೇಟ್ ಬಿದ್ದಿರ್ದಿದ್ರೂ ನಿಲ್ಸಬೇಕು… ಮುಹೂರ್ತಕ್ಕೆ ತಡ ಆಗಲ್ಲ ಅವ್ವಾ. ಯಾಕಂದ್ರೆ, ಅವತ್ತು ಗೇಟ್ ಎದ್ಬಿಡ್ತು ಅಂತ ಪಾಪೂನ ನಿಂಗೆ ವಾಪಸ್ ಕೊಟ್ಬಿಟ್ಟೆ. ಈ ಸಲ ಬ್ಯಾರೆಯವ್ರಿಗೆ ಕೊಡೋಕೆ ಮುಂಚೆ ಅಲ್ಲಿ ಒಂಚೂರು ಅವಳ ಕೈ ಇಡ್ಕಂಡು ಕುಂತಿರ್ತೀನಿ…"

"… ಹಲೋ?… ಅವ್ವಾ?… ಕೇಳಿಸ್ತಾ?…"