ಬಿಲ್ಲೆ ಇಲ್ಲದವಳ ಎಡೆ

ಅಮೆರಿಕದ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಆ ಭಾನುವಾರ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಪ್ರವಾಹದ ಎಚ್ಚರಿಕೆ ಕೂಗಿ ಕೂಗಿ ಎಲ್ಲರ ಫೋನುಗಳೂ ಸುಸ್ತಾಗಿದ್ದವು. ಕರೆಂಟು ಹೋಗಿ ಬೀದಿಗೆ ಬೀದಿಯೇ ಕತ್ತಲಾಗಿತ್ತು. ಶಶಿಕಾಂತ, ಅವನ ಹೆಂಡತಿ ನಿಹಾರಿಕಾ, ಊಟಕ್ಕೆ ಬಂದ ವಿದ್ಯಾರ್ಥಿನಿ ಪ್ರಗತಿ, ಇನ್ನೂ ನಾಲ್ಕಾರು ಕನ್ನಡದವರು, ಎಲ್ಲರೂ ಗರಾಜಿನಲ್ಲಿ ಮಡಚುವ ಕುರ್ಚಿಗಳ ಮೇಲೆ ಕೂತಿದ್ದರು. ಮನೆಯೊಳಗೆ ಯಾರೂ ಇರಲಿಲ್ಲ. ಹಿರಿಯರು ಉಣ್ಣುತ್ತಿದ್ದರು.

ಮಹಾಲಯ ಅಮಾವಾಸ್ಯೆ ವಾರದ ನಡುವೆ ಬಂದಿತ್ತು. ರಜೆ ಸಿಗದೆ ಶಶಿಕಾಂತ ಅದನ್ನು ಭಾನುವಾರಕ್ಕೆ ಎಳೆದುಕೊಂಡಿದ್ದ. ಅವನ ಅಪ್ಪ ತೀರಿಕೊಂಡ ಮೇಲೆ ಎಡೆ ಇಡುವ ಪಾಳಿ ಅವನಿಗೆ ಬಂದು ಇದು ಎರಡನೇ ವರ್ಷ. ಮನೆತನದಲ್ಲಿ ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಬಾಳೆಲೆ, ಅದರ ಮೇಲೆ ಹೋಳಿಗೆ, ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ಒಂದು ಲೋಟ ನೀರು. ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು, ಮನೆಯವರೆಲ್ಲ ಹೊರಗೆ ಬಂದು ಒಂದಿಷ್ಟು ಹೊತ್ತು ಕಾಯುವುದು ಪದ್ಧತಿ. ಊರಲ್ಲಾದರೆ ಕಟ್ಟೆಯ ಮೇಲೆ ಕೂರುತ್ತಿದ್ದರು. ಇಲ್ಲಿ ಗರಾಜು.

ಕಾಯುವ ಹೊತ್ತು ಮುಗಿದು ಎಷ್ಟೋ ಆಗಿತ್ತು. ಆದರೆ ಶಶಿಕಾಂತನ ಅಜ್ಜಿ ಕಮಲವ್ವ ತನ್ನ ಕುರ್ಚಿಯನ್ನು ಒಳಬಾಗಿಲಿಗೆ ಅಡ್ಡ ಎಳೆದುಕೊಂಡು ಕೂತಿದ್ದಳು. ಯಾರೂ ಒಳಗೆ ಹೋಗುವಂತಿಲ್ಲ, ಒಬ್ಬಾಕಿ ಇನ್ನೂ ಉಂಡಿಲ್ಲ ಎಂದಿದ್ದಳು.

ಅಜ್ಜಿಯ ಸಿಟ್ಟು ಯಾತಕ್ಕೆಂದು ಶಶಿಕಾಂತನಿಗೆ ಗೊತ್ತಿತ್ತು. ಎಡೆ ಇಟ್ಟ ಗೋಡೆಯ ಮೇಲೆ ಅವನು ಆರು ತಿಂಗಳು ಕೂತು ಮಾಡಿಸಿದ ವಂಶವೃಕ್ಷ ತೂಗುಹಾಕಿದ್ದ. ದೊಡ್ಡ ಕ್ಯಾನ್ವಾಸು, ಬಂಗಾರದ ಬಣ್ಣದ ಅಕ್ಷರ. ಮುತ್ತಜ್ಜ ಚನ್ನವೀರಪ್ಪನ ಹೆಸರಿನ ಕೆಳಗೆ ‘ಗಣಿ ಅಧಿಕಾರಿ’ ಎಂದಿತ್ತು. ಪಕ್ಕದಲ್ಲಿ ಹೆಂಡತಿ ಶಾಂತವ್ವ. ಇಬ್ಬರಿಂದ ಒಂದು ಗೆರೆ ಇಳಿದು ‘ಕಮಲವ್ವ’ ಎಂಬಲ್ಲಿಗೆ ಬಂದಿತ್ತು. ಬೆಳಿಗ್ಗೆ ಅಜ್ಜಿ ಆ ಗೆರೆಯ ಮೇಲೆ ಬೆರಳಾಡಿಸಿ ಅಕ್ಷರ ಕೂಡಿಸಿ ಓದಿದ್ದಳು. ಆಮೇಲೆ ಮೊಮ್ಮಗನ ಜೊತೆ ಮಾತಾಡಿರಲಿಲ್ಲ.

ಶಾಂತವ್ವ ಅಜ್ಜಿಗೆ ಮಲತಾಯಿ ಎಂದು ಅವನಿಗೆ ತಿಳಿಯದೇ ಇರಲಿಲ್ಲ. ಮೊದಲನೆಯವಳು ಯಾರ ಜೊತೆಗೋ ಓಡಿಹೋದಳಂತೆ ಎಂದು ರಾಯಚೂರಿನ ನೆಂಟರು ಫೋನಿನಲ್ಲಿ ದನಿ ತಗ್ಗಿಸಿ ಹೇಳಿದ್ದರು. ಮೈಸೂರಿನ ಬೀಗರು ಬಂದು ನೋಡುವ ಗೋಡೆ, ಅದರ ಮೇಲೆ ಓಡಿಹೋದವಳನ್ನು ಯಾಕೆ ಹಾಕಬೇಕು ಎಂದು ಅವನು ಬಿಟ್ಟಿದ್ದ.

ಆಗ ನೆಲದ ಕೆಳಗಿನಿಂದ ಆ ಸದ್ದು ಬಂತು. ಟಕ್ ಟಕ್… ಟಕ್.

ಶಶಿಕಾಂತ ಬಗ್ಗಿ ನೆಲ ನೋಡಿದ. ಹೋದ ವರ್ಷ ಎಡೆ ಇಟ್ಟ ದಿನವೂ ಇದೇ ಸದ್ದು ಕೇಳಿಸಿತ್ತು. ಪೈಪು ಇರಬೇಕೆಂದು ಪ್ಲಂಬರನ್ನು ಕರೆಸಿದ್ದ. ಈ ಮನೆ ನೆಲದ ಮೇಲೆ ಸುರಿದ ಕಾಂಕ್ರೀಟಿನ ಮೇಲೇ ಕೂತಿದೆ, ಕೆಳಗೆ ಬರೀ ಮಣ್ಣು, ಸದ್ದು ಮಾಡುವಂಥದ್ದು ಏನೂ ಇಲ್ಲ ಎಂದು ಅವನು ನಕ್ಕು ಹೋಗಿದ್ದ. ಶಶಿಕಾಂತ ಅದನ್ನು ಹೆಂಡತಿಗೂ ಹೇಳಿರಲಿಲ್ಲ.

“ಕೇಳ್ತೋ ಇಲ್ಲೋ, ಶಶಿ?” ಎಂದಳು ಕಮಲವ್ವ. ಆಮೇಲೆ ಮೋಂಬತ್ತಿಯನ್ನು ಹತ್ತಿರ ಎಳೆದುಕೊಂಡು ಎಲ್ಲರ ಕಡೆ ತಿರುಗಿದಳು.

“ಕೂಡ್ರಿ ಎಲ್ಲಾರೂ. ಹಸಿವಾಗ್ಯಾದ ಅಂತ ಗೊತ್ತದ. ನಮ್ಮವ್ವಗೂ ಆಗ್ಯಾದ… ಎಂಬತ್ತು ವರ್ಷದ ಹಿಂದಿನ ಹಸಿವು ಅಕೀದು. ನಮ್ಮಪ್ಪ ಚನ್ನವೀರಪ್ಪ ಅಧಿಕಾರಿ ಗಿಧಿಕಾರಿ ಅಲ್ರಿ. ಈ ಹುಡುಗ ಬಂಗಾರದ ಅಕ್ಷರದಾಗ ಬರಿಸ್ಯಾನ, ಬರಿಸ್ಲಿ, ಅವನ ರೊಕ್ಕ. ನಮ್ಮಪ್ಪ ಕಲ್ಲಿದ್ದಲು ಕಡಿಯೋ ಕೂಲಿ. ರಾಯಚೂರು ಸೀಮಿಂದ ಹೊಟ್ಟಿಪಾಡಿಗೆ ಗೋದಾವರಿ ದಂಡಿಗೆ ಗಣಿ ಕೆಲಸಕ್ಕ ಹೋದಾಂವ. ಅಂವ ಕಡಿಯಾಂವ, ನನ್ನ ಹಡದಾಕಿ ಸಂಗವ್ವ ಹಿಂದಿನಿಂದ ಬುಟ್ಟಿ ಹೊರಾಕಿ. ಅಕಿ ಒಬ್ಬಾಕೇ ಅಲ್ಲ, ಬೀದರ ಕಡಿಯವ್ರು, ತೆಲುಗರು, ಎಲ್ಲಾ ಕೂಲಿಗಳ ಹೆಂಡಂದಿರೂ ಇಳಿಯವ್ರೇ… ಕೂಲಿ ಯಾರ ಕೈಯಾಗ? ಗಂಡನ ಕೈಯಾಗ. ಅದು ಇರ್ಲಿ, ಅದಕ್ಕ ನಾ ಸಿಟ್ಟಾಗೂದಿಲ್ಲ.

“ಗಣಿ ಬಾಯಾಗ ದೀಪದ ಖೋಲಿ ಅಂತ ಇರ್ತಿತ್ತು. ಇಳಿಯೋ ಮುಂದ ಒಬ್ಬೊಬ್ಬ ಗಂಡಸಿಗೂ ಒಂದು ಹಿತ್ತಾಳಿ ಬಿಲ್ಲೆ ಕೊಡೋದು, ಮ್ಯಾಲ ಬಂದಮ್ಯಾಗ ಅಂವ ಅದನ್ನ ತಿರುಗಿ ಗೂಟಕ್ಕ ಹಾಕೋದು. ಗೂಟ ಎಲ್ಲಾ ತುಂಬಿದ್ವು ಅಂದ್ರ ಕೆಳಗ ಯಾರೂ ಉಳಿದಿಲ್ಲ ಅಂತ ಲೆಕ್ಕ. ಹೆಂಗಸ್ರಿಗೆ? ಹೆಂಗಸ್ರಿಗೆ ಯಾತರ ಬಿಲ್ಲೆ ತಂಗೀ! ಹೆಂಗಸ್ರು ಇಳೀಬಾರ್ದು ಅಂತ ಮೊದಲು ಕಾಯ್ದೆ ಮಾಡಿದ್ರಂತ. ಆಮ್ಯಾಲ ಯುದ್ಧ ಬಂತು, ಇದ್ದಲು ಬೇಕಾತು, ಇಳೀರಿ ಅಂದ್ರು. ಇಳಿಸಿದ್ರು, ಬಿಲ್ಲೆ ಮಾತ್ರ ಕೊಡ್ಲಿಲ್ಲ. ಗಂಡನ ಬಿಲ್ಲೆ ಮ್ಯಾಲೇ ಹೋಗಬೇಕು, ಅದರ ಮ್ಯಾಲೇ ಬರಬೇಕು.

“ಆವತ್ತೂ ಇದೇ ಅಮಾವಾಸಿ. ಮನ್ಯಾಗ ಹಿರಿಯರಿಗೆ ಎಡಿ ಇಡಬೇಕು. ನಮ್ಮವ್ವ ಹೋಳಗಿಗೆ ಬ್ಯಾಳಿ ನೆನಿ ಇಟ್ಟಾಳ, ನನಗ ಮಲಿ ಕುಡಿಸಿ ತೊಟ್ಟಿಲದಾಗ ಹಾಕ್ಯಾಳ, ಹಿಂಗ ಹೋಗಿ ಹಂಗ ಬರ್ತೀನಿ ಅಂತ ನೆರಮನಿ ಮುದುಕಿಗೆ ಹೇಳಿ ಇಳದಾಳ. ಒಳಗ ಬೆಂಕಿ ಹತ್ತಿತು. ಇದ್ದಲಿಗೆ ಬೆಂಕಿ ಹತ್ತಿದ್ರ ಕೇಳ್ತೀರೇನು? ಹೊಗಿ ಮುಸುರಿ, ಒಬ್ಬರ ಮಾರಿ ಒಬ್ಬರಿಗೆ ಕಾಣವಲ್ದು, ಬಾಯಿ ಹತ್ತರ ಇದ್ದ ಗಂಡಸ್ರು ಬಿದ್ದು ಎದ್ದು ಮ್ಯಾಲ ಬಂದ್ರು. ಹೆಂಗಸ್ರು ಬುಟ್ಟಿ ತುಂಬಾಕ ಹಿಂದ ಉಳದಿದ್ರು.

“ಮ್ಯಾನೇಜರ್ ಬಂದ. ಗೂಟ ನೋಡಿದ… ಎಲ್ಲಾ ತುಂಬ್ಯಾವ. ಕೆಳಗ ಯಾರೂ ಇಲ್ಲ, ಗಣಿ ಬಾಯಿ ಮುಚ್ರಿ, ಗಾಳಿ ಹೋಗಬಾರ್ದು, ಇದ್ದಲು ಸುಟ್ಟು ಹೋಗ್ತದ ಅಂದ. ನನ್ನ ಹೆಂಡ್ತಿ ಒಳಗ ಅದಾಳ್ರಿ ಅಂತ ನಮ್ಮಪ್ಪ ಕಾಲಿಗೆ ಬಿದ್ದ. ಬಿಲ್ಲೆ ತೋರ್ಸು ಅಂದ್ರು. ಎಲ್ಲಿಂದ ತೋರಿಸ್ತಾನ? ಇಟ್ಟಂಗಿ ಬಂದ್ವು, ಮಣ್ಣು ಬಂತು. ಕಟ್ಟೋರು ಯಾರು? ಅದೇ ಗಂಡಂದಿರು. ನಮ್ಮಪ್ಪನ ಕೈಯಾಗೇ ಇಟ್ಟಂಗಿ ಕೊಟ್ರು! ಗೋಡಿ ಎದಿಮಟ ಬಂದಾಗ ಒಳಗಿಂದ ಬಡಿಯೋದು ಕೇಳ್ತಂತ… ಟಕ್ ಟಕ್… ಟಕ್. ಗಣ್ಯಾಗ ಮಣ್ಣು ಕುಸಿದು ಸಿಕ್ಕವ್ರು ಹಂಗ ಬಡೀತಾರ, ಜೀವ ಅದ, ಬರ್ರಿ ಅಂತ. ಇದು ಎಲ್ಲಾ ಕೂಲಿಗಳಿಗೂ ಗೊತ್ತು, ಮ್ಯಾನೇಜರಗೂ ಗೊತ್ತು. ಕಲ್ಲು ಕಾದು ಸೀಳ್ತಾವ, ಅದರ ಸಪ್ಪಳ ಅಂದ ಆ ಭಾಡ್ಯಾ.

“ಗೋಡಿ ಮುಗೀತು. ಮರುದಿನ ನಮ್ಮಪ್ಪ ಆಫೀಸಿಗೆ ಹೋಗಿ, ಒಳಗ ಇಲ್ಲಂದ್ರ ನನ್ನ ಹೆಂಡ್ತಿ ಎಲ್ಲಿ ಹೋದ್ಲು ಹೇಳ್ರಿ ಅಂತ ಕೇಳ್ದ. ಏನಂದ್ರು ಗೊತ್ತೇನು? ‘ಓಡಿ ಹೋಗಿರಬೇಕು ನೋಡು.’ ಬಾಯಿ ತಗದ್ರ ಖೋಲಿ ಖಾಲಿ ಮಾಡಿಸ್ತೀವಿ ಅಂತ ಬ್ಯಾರೆ ಹೆದರಿಸಿದ್ರು. ಅಷ್ಟೂ ಹೆಂಗಸ್ರಿಗೂ ಅದೇ ಒಂದು ಮಾತು. ನೀವೇ ಹೇಳ್ರಿ… ಒಂದೇ ದಿನ ಅಷ್ಟು ಮಂದಿ ಓಡಿ ಹೋದ್ರೇನು? ನೆನಿ ಇಟ್ಟ ಬ್ಯಾಳಿ ಬಿಟ್ಟು, ಮಲಿ ಕುಡಿಯೋ ಕೂಸು ಬಿಟ್ಟು, ಹಬ್ಬದ ದಿನ? ಸುಳ್ಳು ಹಬ್ಬಿಸಿದವ್ರು ಹಬ್ಬಿಸಿದ್ರು, ನಮ್ಮ ಮಂದಿ ನಂಬಿದ್ರಲ್ಲ, ಅದಕ್ಕ ನನ್ನ ಹೊಟ್ಟಿ ಉರೀತದ!

“ಓಡಿ ಹೋದಾಕಿ ಸತ್ತಿಲ್ಲ, ಸಾಯದಾಕಿಗೆ ಎಡಿ ಇಲ್ಲ. ಮುಂದಿನ ವರ್ಷ ಅಮಾವಾಸಿಗೆ ನಮ್ಮ ಖೋಲಿ ನೆಲ ಬಡೀತು. ಖೋಲಿ ಬದಲಿ ಮಾಡಿದ್ರು, ಅಲ್ಲೂ ಬಡೀತು. ನಮ್ಮಪ್ಪ ಸಾಯೋ ಮುಂದ ನನ್ನ ಕೈ ಹಿಡದು ಎಲ್ಲಾ ಹೇಳ್ದ. ಆವತ್ತಿಂದ ನಾ ಇಟ್ಟೆ ಅಕಿಗೆ ಎಡಿ, ಹಿತ್ತಲದಾಗ, ಗಂಡನ ಮನಿಯವ್ರ ಕಣ್ಣು ತಪ್ಪಿಸಿ. ನನ್ನ ಹಡದಾಕಿಗೆ ನಾ ಕದ್ದು ಉಣಸಬೇಕಾತು, ನೋಡ್ರಿ ನ್ಯಾಯ! ನಾ ಇಡೋತನಾ ಸುಮ್ಮಿದ್ಲು. ಹ್ವಾದ ವರ್ಷ ನಾ ಆಸ್ಪತ್ರ್ಯಾಗ ಬಿದ್ದೆ. ಈ ವರ್ಷ ಇಲ್ಲಿ ಅಡಗಿಮನಿ ನಂದಲ್ಲ.”

ಮಳೆ ಒಂದೇ ಸಮನೆ ಹುಯ್ಯುತ್ತಿತ್ತು.

“ಓಡಿ ಹೋದ್ಲು ಅಂತ ರಾಯಚೂರಿನ ನೆಂಟ್ರೇ ನನಗೆ ಹೇಳಿದ್ರು, ಅಜ್ಜಿ,” ಎಂದ ಶಶಿಕಾಂತ.

“ಅವ್ರಿಗೆ ಯಾರು ಹೇಳಿದ್ರು ಅಂತ ಕೇಳಿದೇನು? ನನ್ನ ಕೇಳಿದೇನು? ಇದೇ ಮನ್ಯಾಗ, ನಿನ್ನ ಕಣ್ಣ ಮುಂದ ಕೂತೀನಿ. ಆ ಗೋಡಿಗೆ ಇನ್ನೊಂದು ಇಟ್ಟಂಗಿ ನೀ ಇಟ್ಟಿ, ಶಶಿ.”

ಅವನಿಗೆ ಅಳು ಬಂತು. ಆರು ತಿಂಗಳು ಎಷ್ಟೆಲ್ಲ ಊರುಗಳಿಗೆ ಫೋನು ಮಾಡಿದ್ದ, ಪಕ್ಕದ ಕೋಣೆಯಲ್ಲಿದ್ದ ಅಜ್ಜಿಯ ಹತ್ತಿರ ಒಂದು ಮಾತು ಕೇಳಿರಲಿಲ್ಲ. ಎದ್ದು ಬಂದ. ಅಜ್ಜಿ ಕುರ್ಚಿ ಸರಿಸಿ ದಾರಿ ಬಿಟ್ಟಳು.

ಒಳಗೆ ಕತ್ತಲಲ್ಲಿ ಅವನು ವಂಶವೃಕ್ಷವನ್ನು ಗೋಡೆಯಿಂದ ಇಳಿಸಿ ಮಗ್ಗುಲಾಗಿ ಇಟ್ಟ. ನಿಹಾರಿಕಾ ಇನ್ನೊಂದು ಎಲೆ ಹಾಸಿ ಎಲ್ಲ ಬಡಿಸಿ, ಅಜ್ಜಿ ಹೇಳಿದಂತೆ ಹುರಿದ ಶೇಂಗಾ ಬೆಲ್ಲವನ್ನೂ ಒಂದು ಲೋಟ ನೀರನ್ನೂ ಇಟ್ಟಳು. ಶಶಿಕಾಂತ ನೆಲಕ್ಕೆ ಹಣೆ ಹಚ್ಚಿ ಗಟ್ಟಿಯಾಗಿ ಕರೆದ.

“ಚನ್ನವೀರಪ್ಪನ ಹೆಂಡ್ತಿ, ಕಮಲವ್ವನ ಹಡದವ್ವ, ಸಂಗವ್ವ… ಉಣ್ಣಾಕ ಬಾ.”

ಬಾಗಿಲು ಎಳೆದುಕೊಂಡು ಮತ್ತೆ ಗರಾಜಿಗೆ ಬಂದರು. ಟಕ್ ಟಕ್ ಒಂದು ಸಲ ಕೇಳಿಸಿತು, ಎರಡನೆಯ ಸಲ ಅರ್ಧಕ್ಕೆ ನಿಂತಿತು. ಆಮೇಲೆ ಬರೀ ಮಳೆ. ಕಮಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಈಗ ಹೋಗೋಣು ನಡೀರಿ ಎಂದಳು. ಅಷ್ಟರಲ್ಲಿ ಕರೆಂಟು ಬಂತು.

ಎಲ್ಲ ಎಲೆಗಳೂ ಇಟ್ಟಲ್ಲಿ ಇಟ್ಟಂತೆಯೇ ಇದ್ದವು. ಲೋಟಗಳಲ್ಲಿ ನೀರು ತುಂಬಿತ್ತು. ಸಂಗವ್ವನ ಲೋಟ ಮಾತ್ರ ತಳದವರೆಗೆ ಒಣಗಿತ್ತು. ಬೆಂಕ್ಯಾಗಿಂದ ಬಂದಾಕಿ, ಮೊದಲು ನೀರೇ ಬೇಡ್ತಾಳ ಎಂದಳು ಅಜ್ಜಿ. ಶಶಿಕಾಂತನಿಗೆ ಹೆದರಿಕೆಯಾಗಲಿಲ್ಲ. ಎಷ್ಟೋ ಕಾಲದಿಂದ ಬರಬೇಕಾಗಿದ್ದ ಒಬ್ಬರು ಮನೆಗೆ ಬಂದಂತೆ ಸಮಾಧಾನವಾಯಿತು.

ಎಲ್ಲರೂ ಊಟಕ್ಕೆ ಕೂತರು. ಮೊದಲ ತುತ್ತು ಬಾಯಿಗೆ ಹೋಗುವ ಮುಂಚೆ ನೆಲ ಮತ್ತೆ ಬಡಿಯಿತು. ಟಕ್ ಟಕ್… ಟಕ್. ಈ ಸಲ ಎಡೆಯ ಕಡೆಯಿಂದಲ್ಲ, ಕಿಟಕಿಯ ಹತ್ತಿರ ಪ್ರಗತಿ ಕೂತಿದ್ದ ಜಾಗದಿಂದ. ಎಂ.ಎಸ್. ಓದಲು ಹ್ಯೂಸ್ಟನ್‌ಗೆ ಬಂದ ಬೀದರಿನ ಹುಡುಗಿ ಆಕೆ. ತಮ್ಮ ಮನೆತನದವರೂ ಹಿಂದೆ ಗಣಿಯ ಖೋಲಿಗಳಲ್ಲಿ ಇದ್ದರಂತೆ, ಹೆಚ್ಚಿಗೆ ತಿಳಿಯದು ಎಂದು ಬಂದ ಕೂಡಲೇ ಅಜ್ಜಿಗೆ ಹೇಳಿದ್ದಳು. ಆಕೆ ಕಾಲನ್ನು ನೆಲದಿಂದ ಮೇಲೆತ್ತಿಕೊಂಡಳು.

“ಸಂಗವ್ವ ಉಂಡಳಲ್ಲ, ಅಜ್ಜಿ?” ಎಂದ ಶಶಿಕಾಂತ.

“ನಮ್ಮವ್ವ ಉಂಡ್ಲು. ಇದು ನಮ್ಮವ್ವ ಅಲ್ಲ.” ಕಮಲವ್ವ ಎದ್ದು ಹೋಗಿ ಹುಡುಗಿಯ ತಲೆ ಸವರಿದಳು. “ಒಳಗ ಉಳದಾಕಿ ಅಕಿ ಒಬ್ಬಾಕೇ ಅಲ್ಲ ಅಂತ ಹೇಳ್ದೆ ಅಲಾ… ಅವ್ರ ಮಕ್ಕಳು ಮೊಮ್ಮಕ್ಕಳು ಯಾವ ಯಾವ ಊರಾಗ ಎಂಥೆಂಥ ನೆಲದ ಮ್ಯಾಲ ಕೂತು ಉಣ್ಣಾಕತ್ತಾರೋ. ಹೆದರಬ್ಯಾಡ ತಂಗೀ. ನಿಮ್ಮ ಮುತ್ತಜ್ಜಿ ಹೆಸರೇನು, ಹೇಳು. ಕರಿಯೋಣು.”

ಪ್ರಗತಿ ಬಾಯಿ ತೆರೆದಳು. ಮುತ್ತಜ್ಜನ ಹೆಸರು ನೆನಪಾಯಿತು, ಅವನ ಅಪ್ಪನ ಹೆಸರೂ ನೆನಪಾಯಿತು. ನೆಲ ಇನ್ನೊಂದು ಸಲ ಬಡಿಯಿತು.

“ಗೊತ್ತಿಲ್ರಿ, ಅಜ್ಜಿ,” ಎಂದಳು.