ಒಂಬತ್ತೂವರೆ ಸುತ್ತು

ಅಕ್ಕ ತಮ್ಮ ಆಲದ ಮರದ ಹತ್ತಿರ ಬಂದಾಗ ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು. ಬೆಂಗೇರಿಯ ಆ ಓಣಿಯ ತುದಿಗೊಂದು ಹಳೇ ಬಾವಿ, ಬಾವಿಯ ಮೇಲೆ ಕಬ್ಬಿಣದ ಜಾಳಿಗೆ, ಜಾಳಿಗೆಯ ಮೇಲೆ ಓಣಿಯ ಮಂದಿ ಎಸೆದ ಖಾಲಿ ಹಾಲಿನ ಪಾಕೀಟು. ದೆವ್ವ ಇರಬೇಕಾದ ಜಾಗ ಅಂದರೆ ಅದೇ. ಅಲ್ಲಿ ಏನೂ ಇರಲಿಲ್ಲ... ಸಪ್ಪಳ ಬಂದದ್ದು ಬೆನ್ನ ಹಿಂದಿನಿಂದ.

ಕಿರ್ರ್... ಟಕ್.

ನಮ್ಮ ಎದುರುಮನೆಯ ದಾಕ್ಷಾಯಿಣಿ ನಿಂತಳು. ಎರಡು ಹೆಜ್ಜೆ ಮುಂದಿದ್ದ ತಮ್ಮ ಬಸವಕಿರಣನೂ ನಿಂತ.

ಅಕ್ಕ ತಮ್ಮ ಆಗಷ್ಟೇ ತಮ್ಮ ಬಡಿಗತನದ ವರ್ಕ್‌ಶಾಪಿಗೆ ಕೀಲಿ ಹಾಕಿ ಬಂದಿದ್ದರು. ಮೂರು ದಿನದಿಂದ ಅಲ್ಲಿನ, ಮರ ಕೊಯ್ಯುವ ಬ್ಯಾಂಡ್‌ಸಾ ಹಟ ಹಿಡಿದಿತ್ತು. ಅಪ್ಪ ತಂದ ಮಷೀನು, ದಾಕ್ಷಾಯಿಣಿಗಿಂತ ವಯಸ್ಸಿನಲ್ಲಿ ದೊಡ್ಡದು. ಮೇಲೊಂದು ಗಾಲಿ, ಕೆಳಗೊಂದು ಗಾಲಿ, ಎರಡನ್ನೂ ಸುತ್ತಿಕೊಂಡು ಓಡುವ ಹಲ್ಲಿನ ಬ್ಲೇಡು. ಗೆರೆ ಬಿಟ್ಟು ಎಡಕ್ಕೆ ಕೊಯ್ಯುತ್ತಿತ್ತು. ಗಾಲಿಗೆ ಮೆತ್ತಿದ್ದ ಮರದ ಹೊಟ್ಟು ಕೆರೆದರು, ಸವೆದ ರಬ್ಬರ್ ಬದಲಿಸಿದರು. ಹತ್ತೂವರೆಗೆ ಕೊಯ್ತ ನೆಟ್ಟಗಾಯಿತು. ಆದರೆ ಬ್ಲೇಡು ಒಂದು ಸುತ್ತು ಬಂದಾಗೊಮ್ಮೆ ಟಿಕ್ ಅನ್ನುವುದು ಮಾತ್ರ ನಿಲ್ಲಲಿಲ್ಲ.

"ಬ್ಲೇಡ ಕೂಡಿಸಿದ ಬೆಸುಗಿ ಸಪ್ಪಳ ಅಕ್ಕಾ ಅದು," ಅಂದಿದ್ದ ಕಿರಣ. "ಮುಂಜಾನಿ ಎಂಟಕ್ಕ ಸಾಗವಾನಿ ಚೌಕಟ್ಟ ಕೊಯ್ಯೂದೈತಿ ನಾ. ಟಿಕ್ ಟಿಕ್ ಕೇಳ್ಕೋತ ಕುಂದ್ರಾಕ ಇದೇನ ಗಡಿಯಾರದ ಅಂಗಡಿ ಏನು?"

"ಬ್ಲೇಡ ಸಡ್ಲ ಮಾಡೀಯೇನು?"

"ಮಾಡೇನಿ, ನಡಿ."

ಆ ವರ್ಕ್‌ಶಾಪಿನಲ್ಲಿ ದಿನಾ ಸಂಜೆ ಕೇಳುವ ಪ್ರಶ್ನೆ ಅದು. ಕಲಿಸಿದವನು ಗುಲಾಬಸಾಬ. ಮೂವತ್ತೆರಡು ವರ್ಷ ಅದೇ ಮಷೀನಿನ ಮುಂದೆ ನಿಂತ ಗಿಡ್ಡ ಮನುಷ್ಯ. ಕೆಲಸ ಮುಗಿದ ಮೇಲೆ ಸ್ಟೂಲು ಹತ್ತಿ, ಮೇಲಿನ ತಿರುಪನ್ನು ಒಂಬತ್ತೂವರೆ ಸುತ್ತು ತಿರುವಿ ಬ್ಲೇಡು ಸಡಿಲಿಸಿಯೇ ಮನೆಗೆ ಹೋಗುತ್ತಿದ್ದ. "ರಾತ್ರಿಯೆಲ್ಲಾ ಬಿಗದ ನಿಂತರ ಸೀಳ ಬಿಡತೈತ್ರಿ ಅಕ್ಕಾರ. ಅದಕ್ಕೂ ನಿದ್ದಿ ಬೇಕು." ಹೋದ ರಮಜಾನಿನಲ್ಲಿ ತೀರಿಕೊಂಡ. ಅವನ ಬುತ್ತಿಡಬ್ಬಿ, ಟೊಪ್ಪಿಗೆ, ಆ ಸ್ಟೂಲು, ಮೂರನ್ನೂ ಅವನ ಹೆಂಡತಿ ಅಮೀನಾಬಿಗೆ ಮುಟ್ಟಿಸಿ ಬಂದಿದ್ದಳು ದಾಕ್ಷಾಯಿಣಿ. ಎತ್ತರದ ಕಿರಣನಿಗೆ ಸ್ಟೂಲಿನ ಗರಜೂ ಇರಲಿಲ್ಲ.

ತಿರುಪಿನ ಎಳೆ ಒಂದು ಕಡೆ ಸವೆದಿತ್ತು. ಹಾಗಾಗಿ ಪ್ರತಿ ಸುತ್ತಿನ ಕೊನೆಗೆ ಒಂದು ಟಕ್. ಈಗ ಕೀಲಿ ಹಾಕಿದ ವರ್ಕ್‌ಶಾಪಿನ ಒಳಗಿಂದ ಬರುತ್ತಿದ್ದದ್ದು ಅದೇ.

ಕಿರ್ರ್... ಟಕ್.

"ಎರಡು," ಅಂದಳು ದಾಕ್ಷಾಯಿಣಿ, ತುಟಿಯಲ್ಲೇ.

"ಇಲಿ ಇರಬೇಕ."

"ಇಲಿ ತಿರುಪ ತಿರವತೈತೇನೋ?"

ಮೂರು... ನಾಲ್ಕು... ಅವಸರವಿರಲಿಲ್ಲ. ಆರನೆಯ ಸುತ್ತಿಗೆ ನಿಂತಿತು. ಗುಲಾಬಸಾಬನೂ ಆರಕ್ಕೇ ನಿಲ್ಲುತ್ತಿದ್ದ, ದಮ್ಮು ಹತ್ತುತ್ತಿತ್ತು ಅವನಿಗೆ.

"ಅಕ್ಕಾ..." ಕಿರಣನ ದನಿ ಕೇಳಿಸಿತೋ ಇಲ್ಲವೋ ಅನ್ನುವಷ್ಟು. "ನಾ ಸಡ್ಲ ಮಾಡಿಲ್ಲ. ಸುಳ್ಳ ಹೇಳಿದೆ. ಕೈ ಸೋತಿದ್ದು."

ಬೈಯಲಿಲ್ಲ ಅವಳು. ಎಣಿಸುತ್ತಿದ್ದಳು.

ಏಳು... ಎಂಟು... ಒಂಬತ್ತು...

ಕಿರ್. ಅಷ್ಟೇ. ಈ ಸಲ ಟಕ್ ಇಲ್ಲ. ಅರ್ಧ ಸುತ್ತು.

"ಕಳ್ಳ ಇದ್ದರ?"

"ಕಳ್ಳ ಬಂದು ನಮ್ಮ ಬ್ಲೇಡ ಸಡ್ಲ ಮಾಡತಾನ? ನಡಿ, ನೋಡೂಣು."

ಐವತ್ತು ಹೆಜ್ಜೆ ಹಿಂದಕ್ಕೆ. ಕೀಲಿ ಹಾಕಿದ್ದು ಹಾಕಿದಂತೆಯೇ ಇತ್ತು. ಬಾಗಿಲು ತೆರೆದರು. ಟ್ಯೂಬಲೈಟು ಎರಡು ಸಲ ಕಣ್ಣು ಮುಚ್ಚಿ ತೆರೆಯಿತು. ಒಳಗೆ ಯಾರೂ ಇಲ್ಲ. ಬ್ಲೇಡು ಗಾಲಿಯ ಮೇಲೆ ಸಡಿಲವಾಗಿ ಜೋತುಬಿದ್ದಿತ್ತು. ಮಷೀನಿನ ಮುಂದೆ, ನೆಲದ ಹೊಟ್ಟಿನಲ್ಲಿ, ನಾಲ್ಕು ದುಂಡನೆಯ ಕುಳಿ. ಸ್ಟೂಲು ಇಟ್ಟು ಎತ್ತಿದರೆ ಬೀಳುವಂಥವು.

ಬೇರೆ ಯಾರಾದರೂ ಅಲ್ಲಿಂದ ಓಡುತ್ತಿದ್ದರು. ದಾಕ್ಷಾಯಿಣಿ ಕಪಾಟಿನಿಂದ ಚೂರು ಅರಳೆ ತೆಗೆದಳು. ಕಣ್ಣಿಗೆ ಕಾಣದ ಸೀಳನ್ನು ಅರಳೆಗೆ ಹುಡುಕಲು ಬಿಡುವುದೂ ಗುಲಾಬಸಾಬನದೇ ರೂಢಿ. ಕಿರಣ ಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿದ, ಅವಳು ಬ್ಲೇಡಿನ ಮೈಮೇಲೆ ಅರಳೆ ಆಡಿಸುತ್ತ ಬಂದಳು. ಬೆಸುಗೆ ದಾಟಿತು, ಏನೂ ಆಗಲಿಲ್ಲ. ಅಲ್ಲಿಂದ ಒಂದು ಗೇಣು ಆಚೆ... ಅರಳೆ ಸಿಕ್ಕಿಕೊಂಡಿತು.

ಟಾರ್ಚು ಹಿಡಿದರು. ಕೂದಲೆಳೆಯಂಥ ಸೀಳು, ಬ್ಲೇಡಿನ ಅರ್ಧ ಅಗಲದವರೆಗೆ. ಟಿಕ್ ಅನ್ನುತ್ತಿದ್ದದ್ದು ಇದು. ರಾತ್ರಿಯೆಲ್ಲ ಬಿಗಿದೇ ನಿಂತು, ಮುಂಜಾನೆ ಎಂಟಕ್ಕೆ ಸಾಗವಾನಿಗೆ ಹಲ್ಲು ಕೊಟ್ಟಿದ್ದರೆ ಬ್ಲೇಡು ಹರಿದು ಹಾರುತ್ತಿತ್ತು. ಎದುರಿಗೆ ಇರುತ್ತಿದ್ದದ್ದು ಕಿರಣನ ಎದೆ.

ಅವನು ನೆಲದ ಮೇಲೆ ಕುಳಿತುಬಿಟ್ಟ, ಆ ನಾಲ್ಕು ಕುಳಿ ಅಳಿಯದಂತೆ ಈಚೆಗೆ ಸರಿದು.

ಬೆಳಕು ಹರಿದ ಮೇಲೆ ದಾಕ್ಷಾಯಿಣಿ ಅಮೀನಾಬಿಯ ಮನೆಗೆ ಹೋದಳು. ಏನೂ ಹೇಳಬಾರದು ಅಂದುಕೊಂಡೇ ಹೋದದ್ದು.

"ಹಂಗ ಬಂದೆ ಚಾಚಿ. ಅರಾಮ ಅದೀರಿ?"

ಅಮೀನಾಬಿ ಹೊಲಿಗೆ ಮಷೀನಿನಿಂದ ಎದ್ದು ಬಂದು ಕಿವಿಯ ಹತ್ತಿರ ಕೇಳಿದಳು. "ರಾತ್ರಿ ನಿಮ್ಮ ಕಡಿಂದ ಯಾರರ ಬಂದಿದ್ರೇನ್ರಿ?"

"ಇಲ್ಲ ಚಾಚಿ. ಯಾಕ?"

"ಬಾಗಲಾ ಒಳಗಿಂದ ಚಿಲಕಾ ಹಾಕಿತ್ತು. ನಾನ ಹಾಕಿದ್ದೆ..."

ಮೂಲೆಯಲ್ಲಿದ್ದ ಸ್ಟೂಲಿನ ಕಡೆ ಕೈ ಮಾಡಿದಳು.

ಕಟ್ಟುಕತೆ ಅನ್ನುವವರು ಅನ್ನಲಿ. ಇದು ಆದದ್ದು ಹೋದ ಚಳಿಗಾಲದಲ್ಲಿ. ಆ ಬ್ಲೇಡು ಬೆಂಗೇರಿಯ ವರ್ಕ್‌ಶಾಪಿನಲ್ಲಿ ಮೊಳೆಗೆ ನೇತಾಡುತ್ತಿದೆ, ಅರಳೆ ಒಯ್ದು ಆಡಿಸಿ ನೋಡಬಹುದು. ಸ್ಟೂಲೂ ಅಮೀನಾಬಿಯ ಮೂಲೆಯಲ್ಲೇ ಇದೆ, ಆ ಮುಂಜಾನೆ ಕಂಡದ್ದನ್ನು ಅವಳು ಇನ್ನೂ ಒರೆಸಿಲ್ಲ. ಮೇಲೆಲ್ಲ ವರ್ಕ್‌ಶಾಪಿನ ಹಳದಿ ಹೊಟ್ಟು, ನಡುವೆ ಎರಡು ಪಾದದಷ್ಟು ಜಾಗ ಮಾತ್ರ ಖಾಲಿ.