ಹಂಚಿ ಕುಡಿದ ಗ್ಲೂಕೋಸ್ ನೀರು

ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ನಮ್ಮ ಪಂಚಾಯ್ತಿಯ ಹಿರಿಯರಾದ ಶರಣಬಸಪ್ಪನವರೇ, ಕುಷ್ಟಗಿಯಿಂದ ಇಂಥ ಬಿಸಿಲಿನಲ್ಲಿ ಬಂದಿರುವ ಡಾಕ್ಟರ್ ಸಾಹೇಬರೇ, ನಾಳೆಯಿಂದ ನನ್ನ ಕುರ್ಚಿಯಲ್ಲಿ ಕೂಡಲಿರುವ ರಂಜಿತಾ ಸಿಸ್ಟರ್ ಅವರೇ, ಆಶಾ ಕಾರ್ಯಕರ್ತೆಯರೇ, ಕೂಸುಗಳನ್ನು ಎತ್ತಿಕೊಂಡು ಬಂದ ತಾಯಂದಿರೇ, ಮತ್ತು ಊಟ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಬರಕೊಂಡು ಬಂದ ಕನ್ನಡ ಇಲ್ಲಿಗೇ ಮುಗೀತ್ರಿ. ಇನ್ನ ನನಗ ಬರೋ ಮಾತಿನಾಗ ಹೇಳ್ತೀನಿ.

ತೊಂಬತ್ತೇಳನೇ ಇಸವಿಯಾಗ ನಾನು ತಾವರಗೇರಾ ಬಸ್ಸಿನಿಂದ ಒಂದು ಟ್ರಂಕು ಹಿಡಕೊಂಡು ಇಳಿದಾಗ ಈ ಊರಿನ ಉಪಕೇಂದ್ರ ಅಂದ್ರ ಕೀಲಿ ಹಾಕಿದ ಒಂದು ಖೋಲಿ. ಕೀಲಿಕೈ ಯಾರ ಹತ್ರ ಐತಿ ಅಂತ ಯಾರಿಗೂ ಗೊತ್ತಿರಲಿಲ್ಲ. ಮೊದಲನೇ ದಿನ ನಾನು ಬಸುರಿಯರನ್ನ ಹುಡುಕಲಿಲ್ಲ, ಕೀಲಿಕೈ ಹುಡುಕಿದೆ. ಈಗ ಇಪ್ಪತ್ತೇಳು ವರ್ಷ ಆತು. ‘ನಮ್ಮ ರೇಣುಕಾದೇವಿ ಸಿಸ್ಟರ್ ಒಂದು ತಪ್ಪೂ ಮಾಡದ ನರ್ಸಮ್ಮ’ ಅಂತ ಈಗಷ್ಟೇ ಅಧ್ಯಕ್ಷರು ಹೇಳಿದರು. ನೀವು ಚಪ್ಪಾಳಿ ಹೊಡೆದ್ರಿ. ನಾನು ತಲಿ ತಗ್ಗಿಸಿ ಕುಂತಿದ್ದೆ. ನಾಚಿಕಿಗೆ ಅಂತ ತಿಳಕೊಂಡ್ರಿ ನೀವು.

ಇವತ್ತ ನಾನು ಬಸುರಿಯರ ಸಕ್ಕರಿ ಪರೀಕ್ಷೆ ಬಗ್ಗೆ ರಂಜಿತಾಗ ನಾಲ್ಕು ಮಾತು ಹೇಳಿ ಇಳೀಬೇಕಂತ ಬಂದಾಕಿ. ಏನು ಪರೀಕ್ಷೆ ಅದು? ಮೊದಲು ಸಕ್ಕರಿ ಕಾಯಿಲೆ ಇಲ್ಲದಾಕೆಗೂ ಬಸುರಿದ್ದಾಗ ರಕ್ತದಾಗ ಸಕ್ಕರಿ ಏರಬಹುದು. ಮೈಗೆ ಏನೂ ಗೊತ್ತಾಗೂದಿಲ್ಲ. ಹೊಟ್ಟಿಯೊಳಗಿನ ಕೂಸು ಮಾತ್ರ ಅಳತಿ ಮೀರಿ ಬೆಳೀತೈತಿ. ಅದಕ್ಕ ಒಂದು ಪಾಕೀಟು ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿ, ಎರಡು ತಾಸು ಕುಂದ್ರಿಸಿ, ರಕ್ತ ನೋಡ್ತೀವಿ. ಉಂಡು ಬಂದ್ರೂ ನಡೀತೈತಿ. ಇನ್ನೊಂದು ಪದ್ಧತಿ ಐತಿ: ಖಾಲಿ ಹೊಟ್ಟೀಲೆ ದವಾಖಾನಿಗೆ ಹೋಗಿ, ಕುಡಿಯೂಕಿಂತ ಮೊದಲೊಮ್ಮೆ, ಆಮ್ಯಾಲೆ ಎರಡು ಸಲ, ಹಿಂಗ ಮೂರು ಸಲ ರಕ್ತ ಕೊಡೋದು. ಯಾವುದು ಛಲೋ? ಎರಡೂ ಛಲೋನ. ಆದರ ಸರಿಯಾಗಿ ಮಾಡಬೇಕು.

ಸರಿಯಾಗಿ ಮಾಡದಿದ್ರ ಏನಾಗತೈತಿ?

ಇದನ್ನ ಹೇಳಬೇಕಂತ ಬಂದಿರಲಿಲ್ರಿ. ಮಾತು ಬಾಯಿಗೆ ಬಂದೈತಿ, ಹೇಳಿಬಿಡ್ತೀನಿ.

ಎರಡು ಸಾವಿರದ ಹತ್ತೊಂಬತ್ತರಾಗ ನಮ್ಮ ತಿರುಮಲೇಶನ ಹೆಂಡ್ತಿ ಶ್ವೇತಾ ಚೊಚ್ಚಲ ಬಸುರಿ. ಆರು ತಿಂಗಳು. ಆಕಿ ಕೈಗೆ ನಾನೇ ಗ್ಲಾಸು ಕೊಟ್ಟೆ. ಆಕಿ ಮಗ್ಗಲಕ್ಕ ಇಮಾಮಬೀ, ಈ ಕಡೆ ಮುದಕಮ್ಮ. ಇಬ್ಬರೂ ಬಸುರಿಯರು, ಇಂಜೆಕ್ಷನ್ನಿಗೆ ಬಂದಿದ್ರು. ಬಸುರಿ ಕಣ್ಣೆದುರು ಏನರ ಬಾಯಿಗೆ ಹಾಕೊಂಡ್ರ ಆಕೆಗೂ ಒಂಚೂರು ಕೊಡಬೇಕು, ಇಲ್ಲದಿದ್ರ ಹುಟ್ಟಿದ ಕೂಸಿನ ಕಿವಿ ಸೋರತೈತಿ. ನಮ್ಮ ಊರಾಗ ಇದು ಯಾರಿಗೆ ಗೊತ್ತಿಲ್ಲ? ಶ್ವೇತಾ ಎರಡು ಗುಟುಕು ಕುಡಿದಳು. ಇಮಾಮಬೀಯ ಬೊಗಸಿಗೆ ಒಂದಿಷ್ಟು ಸುರುವಿದಳು. ಮುದಕಮ್ಮನ ಬೊಗಸಿಗೆ ಒಂದಿಷ್ಟು ಸುರುವಿದಳು. ಉಳಿದದ್ದನ್ನ ತಾನು ಕುಡಿದಳು.

ನಾನು ನೋಡಿದೆ. ಬಾಗಿಲದಾಗ ನಿಂತು ನೋಡಿದೆ. ನೋಡಿ ಏನು ಮಾಡಿದೆ? ನಕ್ಕೆ. ಎಷ್ಟು ಛಲೋ ಗುಣ ಈ ಹುಡುಗೀದು ಅಂತ ನಕ್ಕೆ. ಎರಡು ತಾಸಿನ ಮ್ಯಾಲೆ ರಕ್ತ ನೋಡಿದೆ, ನೂರಾ ಹದಿನೆಂಟು; ನೂರಾ ನಲವತ್ತರೊಳಗ ಇದ್ರ ಚಿಂತಿಲ್ಲ ಅಂತ ಲೆಕ್ಕ. ತಾಯಿ ಕಾರ್ಡಿನಾಗ ‘ನಾರ್ಮಲ್’ ಅಂತ ದುಂಡಗ ಬರದೆ. ಅರ್ಧ ಗ್ಲಾಸಿನ ಪರೀಕ್ಷೆ ಪರೀಕ್ಷೆನೇ ಅಲ್ಲ ಅಂತ ನನಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಮತ್ತೊಂದು ದಿನ ಕರಸೂದು ಬ್ಯಾಸರ ಅನಿಸ್ತು.

ಗಂಡು ಹುಟ್ಟಿತು. ನಾಲ್ಕು ಕಿಲೋ ನಾನೂರು ಗ್ರಾಂ. ಹೆರಿಗಿಯೊಳಗ ಹೆಗಲು ಸಿಕ್ಕೊಂಡು ಬಲಗೈ ನರ ಜಗ್ಗಿತು. ಒಂದು ವರ್ಷ ಆ ಕೂಸು ಬಲಗೈ ಎತ್ತಲಿಲ್ಲ. ಸಕ್ಕರಿಯಿಂದನ ಹಿಂಗಾತು ಅಂತ ಯಾವ ಡಾಕ್ಟರೂ ಬರದು ಕೊಡೂದಿಲ್ಲ. ನನ್ನ ಮನಸ್ಸು ಮಾತ್ರ ಬರದು ಕೊಟ್ಟೈತಿ. ಗಾಬರಿ ಆಗಬ್ಯಾಡ್ರಿ, ದಿನಾ ಎಣ್ಣಿ ಹಚ್ಚಿ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡಿಸಿ ಶ್ವೇತಾ ಅವನ ಕೈ ಎಬ್ಬಿಸ್ಯಾಳ. ಮಲ್ಲೇಶ ಅಂತ ಹೆಸರು. ಹೋದ ವಾರ ಅದ ಬಲಗೈಲೆ ಕಲ್ಲು ಒಗದು ನಮ್ಮ ಉಪಕೇಂದ್ರದ ಕಿಡಕಿ ಗಾಜು ಒಡದಾನ. ನನಗೇನೂ ಸಿಟ್ಟು ಬರಲಿಲ್ರಿ.

ಇಪ್ಪತ್ತೆರಡರಾಗ ಶ್ವೇತಾ ಮತ್ತ ಬಸುರಿ ಆದಳು. ಈ ಸಲ ಕೊಪ್ಪಳದ ದವಾಖಾನಿಗೆ ಹೋಗು, ಖಾಲಿ ಹೊಟ್ಟೀಲೆ ಮೂರು ಸಲ ರಕ್ತ ಕೊಡು ಅಂದೆ. ಖರೇ ಹೇಳಬೇಕಂದ್ರ, ಜವಾಬ್ದಾರಿ ನನ್ನ ತಲಿ ಮ್ಯಾಲೆ ಬ್ಯಾಡ ಅಂತ ಹಂಗಂದೆ. ಆಕಿ ಕೇಳಿದಳು: ‘ಅಕ್ಕಾರ, ಹೋದ ಸಲ ಒಂದ ಸಲಕ್ಕ ನಾರ್ಮಲ್ ಅಂದ್ರಿ. ಈ ಸಲ ಯಾಕ ಮೂರು ಸಲ?’

ಏನು ಹೇಳಲಿ? ಇದ್ದದ್ದು ಇದ್ದಂಗ ಹೇಳಿದೆ. ‘ನೀ ಹಂಚಿದ್ದು ನಾ ನೋಡಿದ್ದೆ, ಸುಮ್ಮನಿದ್ದೆ’ ಅಂದೆ. ಬೈತಾಳ ಅಂತ ಕಾದೆ. ಆಕಿ ಅಂದಳು: ‘ಖಾಲಿ ಹೊಟ್ಟೀಲೆ ಬಸ್ಸಿನಾಗ ಕುಂತ್ರ ನನಗ ವಾಂತಿ ಆಗತೈತ್ರಿ. ಇಲ್ಲೇ ಮಾಡ್ರಿ. ಆದರ ಈ ಸಲ ಎಲ್ಲಾರಿಗೂ ಒಂದ ಹೊತ್ತಿಗೆ ಗ್ಲಾಸು ಕೊಡ್ರಿ. ಎಲ್ಲಾರ ಕೈಯಾಗೂ ಇದ್ರ ಯಾರು ಯಾರಿಗೆ ಹಂಚೂದೈತಿ?’

ಇಪ್ಪತ್ತೈದು ವರ್ಷದ ನೌಕರಿಯಾಗ ನನಗ ಹೊಳೀಲಾರದ ಮಾತು ಅದು. ಅವತ್ತಿನಿಂದ ಪ್ರತಿ ಮಂಗಳವಾರ ಆರು ತಿಂಗಳಿನವರನ್ನೆಲ್ಲಾ ಒಟ್ಟಿಗೆ ಕರಸ್ತೀವಿ. ಬ್ಯಾರೆ ಕೆಲಸಕ್ಕ ಬಂದ ಬಸುರಿಗೂ ಒಂದು ಗ್ಲಾಸು ನಿಂಬಿಹಣ್ಣಿನ ನೀರು. ರಂಜಿತಾ, ಇದನ್ನ ನಡಸಿಕೊಂಡು ಹೋಗವ್ವ.

ಅವತ್ತ ಶ್ವೇತಾಗ ನೂರಾ ಅರವತ್ತೆರಡು ಬಂತು. ಡಾಕ್ಟರ್ ಸಾಹೇಬರು ಊಟದ ಪದ್ಧತಿ ಬರದು ಕೊಟ್ಟರು: ಅನ್ನ ಕಡಿಮಿ, ಜೋಳದ ರೊಟ್ಟಿ, ಪಲ್ಯ, ಕಾಳು. ಉಂಡ ಮ್ಯಾಲೆ ನಡಿಗಿ. ಎರಡನೇ ಬಸುರಾದ್ರೂ ಮನಿಯವರು ಸೀಮಂತ ಬಿಡಲಿಲ್ಲ; ಕುಬಸದ ದಿನ ಐದು ನಮೂನಿ ಸಿಹಿ ಮಾಡಿದ್ರು, ಆಕಿ ಹೋಳಿಗಿಯ ಒಂದು ತುಣುಕು ಮುರದು ಬಾಯಿಗೆ ಹಾಕೊಂಡು ಕೈ ತೊಳಕೊಂಡಳು. ಬೀಗರಿಗೆ ಸಿಟ್ಟು ಬಂತು. ಬರಲಿ. ಹೆಣ್ಣು ಹುಟ್ಟಿತು, ಎರಡು ಕಿಲೋ ಒಂಬೈನೂರು. ಹುಟ್ಟಿದ ಕೂಡಲೇ ಎರಡೂ ಕೈ ಮ್ಯಾಲೆತ್ತಿ ಅತ್ತಿತು. ನಾನೂ ಅತ್ತೆ.

ಇಲ್ಲಿಗೆ ಮುಗಸಬಹುದಿತ್ತು. ಇನ್ನೊಂದು ಮಾತು ಉಳದೈತಿ.

ಶ್ವೇತಾನ ಅತ್ತಿ ಗಾಳೆಮ್ಮಕ್ಕ, ನೀವು ಮೂರನೇ ಸಾಲಿನಾಗ ಕುಂತೀರಿ. ಐದು ವರ್ಷ ನೀವು ಓಣಿ ತುಂಬ ಹೇಳಿಕೊಂಡು ಬಂದೀರಿ: ‘ಸೊಸಿ ಬಸುರಾಗ ಮೈ ಬಗ್ಗಸಲಿಲ್ಲ, ಮಾವಿನಹಣ್ಣು ತಿಂದಳು, ಮೊಮ್ಮಗನ ಕೈ ಕೆಡಿಸಿದಳು.’ ಅತ್ತಿಯವರಿಗೆ ನಾನೇ ಹೇಳ್ತೀನಿ ಅಂತ ಇಪ್ಪತ್ತೆರಡರಾಗ, ಖರೇ ಸಂಗತಿ ಹೇಳಿದ ದಿನಾನೇ, ಶ್ವೇತಾಗ ಅಂದಿದ್ದೆ. ಆಕಿ ನನ್ನ ಕೈ ಹಿಡಕೊಂಡು ಏನಂದಳು ಗೊತ್ತೇನ್ರಿ? ‘ಬ್ಯಾಡ್ರಿ ಅಕ್ಕಾರ. ನಿಮ್ಮ ನೌಕರಿಗೆ ಕುತ್ತು ಬರತೈತಿ. ನನಗ ಬೈಗಳ ರೂಢಿ ಆಗೈತಿ.’

ನನ್ನ ಪಗಾರ ಉಳಿಯಲಿ ಅಂತ ಆ ಹುಡುಗಿ ಮತ್ತ ಎರಡು ವರ್ಷ ಬೈಸಿಕೊಂಡಳು. ನಾನು ಬೈಸಿದೆ. ಗಾಳೆಮ್ಮಕ್ಕ, ನಿಮ್ಮ ಸೊಸಿದು ಏನೂ ತಪ್ಪಿಲ್ಲ. ತಪ್ಪು ನನ್ನದು. ಡಾಕ್ಟರ್ ಸಾಹೇಬರ ಎದುರಿಗೇ ಹೇಳ್ತೀನಿ, ಏನು ಕ್ರಮ ಆಗಬೇಕೋ ಆಗಲಿ.

ಗಾಳೆಮ್ಮಕ್ಕ ಎದ್ದರು... ಹೊರಗ ಹೋಗಬ್ಯಾಡ್ರಿ... ಇಲ್ಲ, ಹೊರಗಲ್ಲ. ಹಿಂದಿನ ಸಾಲಿಗೆ ಹೊಂಟಾರ, ಶ್ವೇತಾ ಕುಂತ ಕಡೆ. ಸ್ವಲ್ಪ ದಾರಿ ಬಿಡ್ರವ್ವ. ಆಕಿ ಮಗ್ಗಲಕ್ಕ ಒಂದಿಷ್ಟು ಜಾಗ ಮಾಡಿಕೊಡ್ರಿ.

ಕುಂತರು.

ಇಷ್ಟು ವರ್ಷ ನನ್ನನ್ನ ಸಾಕಿದ ಈ ಊರಿಗೆ, ನನ್ನ ಮಾತು ಕೇಳಿದ ನಿಮಗೆಲ್ಲಾ ಋಣಿ ಅದೀನ್ರಿ. ನಮಸ್ಕಾರ.